ಅಪ್ಪನ ಕಿವಿಯೂ ನನ್ನ ಹೆಡ್‌ಫೋನೂ

ಆ ವರ್ಷ ನನಗೆ ಎಲ್ಲವೂ ಸಾಕಾಗಿಹೋಗಿತ್ತು. ವಾರದಲ್ಲಿ ಮೂರು ದಿನ ನಾಗಮಂಗಲದ ಕಾಲೇಜು, ಮೂರು ದಿನ ಪಾಂಡವಪುರದ ಕಾಲೇಜು. ಎರಡರಲ್ಲೂ ನಾನು ಅತಿಥಿ ಉಪನ್ಯಾಸಕಿ. ಅತಿಥಿ ಅನ್ನುವುದು ಹೆಸರಿಗೆ, ಕೂರುವ ಕುರ್ಚಿಯನ್ನು ನಾವೇ ಹುಡುಕಿಕೊಳ್ಳಬೇಕು. ಕೆ.ಆರ್. ಪೇಟೆಯ ಮನೆಯಿಂದ ಬೆಳಿಗ್ಗೆ ಬಸ್ಸು ಹತ್ತಿದರೆ, ಸಂಜೆ ಇಳಿಯುವಾಗ ಸೊಂಟ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುವ ಸ್ಥಿತಿ. ಸಾಲದ್ದಕ್ಕೆ ಇನ್ನೊಂದು ಕೆಲಸವನ್ನು ಮೈಮೇಲೆ ಎಳೆದುಕೊಂಡಿದ್ದೆ. ಬೆಳಗೊಳದ ಕಡೆಯ ಮುದುಕಿಯರು ನಾಟಿ ಮಾಡುತ್ತ ಹಾಡುತ್ತಿದ್ದ ಹಾಡುಗಳನ್ನು ಫೋನಿನಲ್ಲಿ ರೆಕಾರ್ಡು ಮಾಡಿಕೊಂಡು ಬಂದು, ಮನೆಯಲ್ಲಿ ಕೂತು ಕೇಳಿ ಬರೆಯುವುದು. ಹಲ್ಲಿಲ್ಲದ ಬಾಯಿ, ಹಿಂದೆ ಕೋಳಿ, ಪಕ್ಕದಲ್ಲಿ ಮೋಟಾರು. ಒಂದು ಸಾಲಿಗೆ ಹತ್ತು ಸಲ ಹಿಂದಕ್ಕೆ ಹೋಗಬೇಕಾಗುತ್ತಿತ್ತು.

ಸಹೋದ್ಯೋಗಿಯೊಬ್ಬರು ಹೊಗಳಿದರೆಂದು ಸ್ಟುಡಿಯೋದವರು ಹಾಕುವಂಥ ದೊಡ್ಡ ಹೆಡ್‌ಫೋನ್ ತರಿಸಿದೆ. ಫೋನಿಗೆ ಸಿಕ್ಕಿಸಿ ವಾಲ್ಯೂಮನ್ನು ತುದಿಮುಟ್ಟ ಏರಿಸಿದರೂ ಮುದುಕಿ ಕೆರೆಯ ಆಚೆ ದಡದಲ್ಲಿ ಹಾಡುತ್ತಿದ್ದಾಳೆ ಅನ್ನಿಸಿತು. ಅವರನ್ನೇ ಕೇಳಿದರೆ, "ಅದಕ್ಕೆ ಆಂಪ್ಲಿಫೈಯರ್ ಬೇಕು ಮೇಡಂ" ಎಂದರು, ಎಲ್ಲರಿಗೂ ಗೊತ್ತಿರುವ ಸಂಗತಿ ಎಂಬಂತೆ. ನನಗೆ ರೇಗಿತು. ಕಿವಿಗೆ ಹಾಕುವ ವಸ್ತುವಿಗೆ ಕರೆಂಟಿನ ಇನ್ನೊಂದು ಡಬ್ಬಿ ಬೇರೆಯೆ? ಅದನ್ನು ವಾಪಸು ಕಳಿಸಿ, ಈ ಸಲ ಓದಿ ತಿಳಿದುಕೊಂಡೆ. ಹೆಡ್‌ಫೋನಿನ ಡಬ್ಬಿಯ ಮೇಲೆ ಇಷ್ಟು ಓಮ್ ಎಂದು ಬರೆದಿರುತ್ತಾರೆ. ಅದು ಮುನ್ನೂರರ ಹತ್ತಿರ ಇದ್ದರೆ ಫೋನಿಗೆ ಎಳೆಯಲಾಗದು, ಕರುವಿಗೆ ಕಬ್ಬಿನ ಗಾಡಿ ಕಟ್ಟಿದ ಹಾಗೆ. ಮೂವತ್ತೆರಡು ಅಥವಾ ಅದಕ್ಕಿಂತ ಕಡಿಮೆ ಇದ್ದು, ಪಕ್ಕದಲ್ಲಿರುವ ಡೆಸಿಬೆಲ್ ನೂರು ದಾಟಿದ್ದರೆ ಫೋನೊಂದೇ ಸಾಕು. ಆದರೆ ಅದು ಜೋರಿನ ಮಾತಾಯಿತು. ಕೇಳಿದ್ದು ಸ್ಪಷ್ಟವಾಗಿರುತ್ತದೋ ಇಲ್ಲವೋ ಎಂಬುದನ್ನು ಡಬ್ಬಿ ಹೇಳುವುದಿಲ್ಲ, ಹಾಕಿಕೊಂಡೇ ನೋಡಬೇಕು.

ಹಾಕಿಕೊಳ್ಳಲು ಬಿಡುವವರು ಯಾರು? ನಾಗಮಂಗಲದಲ್ಲಿ ಕಿವಿಯೊಳಗೆ ತುರುಕುವ ಗುಂಡಿಗಳೇ ಇದ್ದವು. ಪಾಂಡವಪುರದಲ್ಲಿ "ಡಬ್ಬ ಬಿಚ್ಚುದ್ರೆ ತಗೊಳ್ಳೇಬೇಕು ಕಣಕ್ಕ" ಎಂದರು. ಕೊನೆಗೆ ಶ್ರೀರಂಗಪಟ್ಟಣದಲ್ಲಿ ಒಬ್ಬ ಸಾಹೇಬರ ಅಂಗಡಿಯಿದೆ, ಬಿಚ್ಚಿ ಕೇಳಿಸುತ್ತಾರೆ ಎಂದು ತಿಳಿಯಿತು. ಒಂದು ಭಾನುವಾರ ಹೊರಟೆ. ಜೊತೆಗೆ ಅಪ್ಪನನ್ನು ಕರೆದುಕೊಂಡೆ.

ಅಪ್ಪನನ್ನು ಯಾಕೆಂದರೆ, ನಮ್ಮದು ಅಕ್ಕಸಾಲಿಗರ ಮನೆ. ಕೆ.ಆರ್. ಪೇಟೆಯಲ್ಲಿ ಅಪ್ಪನ ಪುಟ್ಟ ಅಂಗಡಿಯ ಬಾಗಿಲಲ್ಲೇ ಒಂದು ಕರಿಕಲ್ಲು ಇದೆ. ಯಾರೇ ಹಳೇ ಬೆಳ್ಳಿ ತಂದರೂ ಅದನ್ನು ಆ ಕಲ್ಲಿನ ಮೇಲೆ ಬೀಳಿಸಿ, ಎದ್ದ ಸದ್ದು ಕೇಳಿಯೇ ಅಪ್ಪ ಹೇಳಿಬಿಡುತ್ತಿದ್ದ, ಇದು ಚೊಕ್ಕ, ಇದು ಬೆರಕೆ ಎಂದು. ಪೇಟೆಯಲ್ಲಿ ಪರೀಕ್ಷೆಯ ಯಂತ್ರಗಳು ಬಂದ ಮೇಲೂ ಸುತ್ತಲ ಹಳ್ಳಿಯವರು ಅಪ್ಪನ ಹತ್ತಿರವೇ ಬರುತ್ತಿದ್ದರು. ಆ ಕಿವಿಯ ಮೇಲೆ ಅಂಗಡಿ ನಿಂತಿತ್ತು, ಅಪ್ಪನ ಮರ್ಯಾದೆಯೂ. ದಿನವಿಡೀ ಬಸ್ಸು ಕೇಳಿ ಕೇಳಿ ನನ್ನ ಕಿವಿ ಮೊಂಡಾಗಿದೆ, ಆರಿಸುವುದು ಅಪ್ಪನೇ ಆರಿಸಲಿ ಎಂದುಕೊಂಡಿದ್ದೆ.

ಸಾಹೇಬರು ತಾಳ್ಮೆಯ ಮನುಷ್ಯ. "ಯಾವ ಫೋನು ಮೇಡಂ? ಬರೀ ಫೋನಿಗೇನಾ? ಹಂಗಾದ್ರೆ ಈ ನಾಲ್ಕೇ ನೋಡಿ, ಬಾಕಿ ಎಲ್ಲಾ ಬೇಕಾರ್" ಎಂದು ನಾಲ್ಕನ್ನು ಗಾಜಿನ ಮೇಲಿಟ್ಟರು. ನಾನು ಬೆಳಗೊಳದ ಮುದುಕಿಯ ಹಾಡು ಹಾಕಿದೆ. ಮೊದಲನೆಯದು ಅಪ್ಪನ ತಲೆಗೇರಿತು. ಅಪ್ಪ ಕಣ್ಣು ಕಿರಿದು ಮಾಡಿ, "ಪರ್ವಾಗಿಲ್ಲ" ಎಂದ. ಎರಡನೆಯದಕ್ಕೂ ಪರವಾಗಿಲ್ಲ. ಮೂರನೆಯದಕ್ಕೆ ಸ್ವಲ್ಪ ತಲೆಯಾಡಿಸಿದ. ಅಷ್ಟರಲ್ಲಿ ಮಧ್ಯಾಹ್ನವಾಗಿ, ನಿಂತೂ ನಿಂತೂ ನನ್ನ ಕಾಲು ನೋಯುತ್ತಿತ್ತು. ಸಾಹೇಬರು ನಾಲ್ಕನೆಯದನ್ನು ಕೊಟ್ಟರು. ಅಪ್ಪ ಹಾಕಿಕೊಂಡು ನನ್ನ ಕಡೆಯೇ ನೋಡಿ, "ಇದು ಪಸಂದಾಗಿ ಅದೆ ಕಣವ್ವ. ಬೆಳ್ಳಿ ಕೇಳ್ದಂಗೆ ಕೇಳ್ತದೆ. ಇದ್ನೇ ತಗೋ" ಎಂದ.

ಅದರ ವೈರಿನ ತುದಿ ಗಾಜಿನ ಮೇಲೆ ಸುಮ್ಮನೆ ಬಿದ್ದಿತ್ತು. ಫೋನು ನನ್ನ ಕೈಯಲ್ಲಿತ್ತು. ಪಿನ್ನನ್ನು ಇನ್ನೂ ಯಾರೂ ಚುಚ್ಚಿರಲಿಲ್ಲ.

ಸಾಹೇಬರೂ ನೋಡಿದರು. ಬಾಯಿ ತೆರೆದವರು ನನ್ನ ಮುಖ ಕಂಡು ಮುಚ್ಚಿದರು. ಅಪ್ಪ ಅದನ್ನು ತೆಗೆದಿಟ್ಟು ಬಾಗಿಲಿನತ್ತ ತಿರುಗಿದಾಗ, ಸಾಹೇಬರೇ ಸದ್ದಿಲ್ಲದೆ ಪಿನ್ನು ಚುಚ್ಚಿ ನನ್ನ ಕಿವಿಗೆ ಹಾಕಿದರು. ಮುದುಕಿ ಎದುರಿಗೇ ಕೂತು ಹಾಡಿದಳು, ಅವಳು ಉಸಿರು ಎಳೆದುಕೊಂಡದ್ದೂ ಕೇಳಿತು. ನಿಜಕ್ಕೂ ಒಳ್ಳೆಯ ಹೆಡ್‌ಫೋನು. ಕಟ್ಟಿಕೊಡಿ ಎಂದೆ. ಸಂತೋಷ ಮಾತ್ರ ಒಂದು ಚೂರೂ ಆಗಲಿಲ್ಲ.

ವಾಪಸು ಬಸ್ಸು ಹತ್ತಿದೆವು. ಪಾಂಡವಪುರದ ನಿಲ್ದಾಣದಲ್ಲಿ ಡ್ರೈವರು ಟೀಗೆ ಇಳಿದ, ಇಂಜಿನ್ ನಿಂತಿತು. ಇನ್ನು ತಡೆದುಕೊಳ್ಳಲಾರದೆ ಕೇಳಿಯೇಬಿಟ್ಟೆ.

"ಅಪ್ಪ, ಆ ಕಡೇದು ಹಾಕ್ಕಂಡಾಗ ಪಿನ್ನೇ ಚುಚ್ಚಿರ್ಲಿಲ್ಲ ಕಣಪ್ಪ."

ಅಪ್ಪ "ಗೊತ್ತಾಗ್ಲಿಲ್ಲ" ಎಂದ. ಆಮೇಲೆ, "ಎಲ್ಡು ವರ್ಸ ಆಯ್ತು. ಎದುರ್‌ಗಡೆ ಕುಂತ್ ಮಾತಾಡುದ್ರೆ ಕೇಳ್ತದೆ. ಬೆಳ್ಳಿ ಕೇಳಾಕಿಲ್ಲ."

"ಮತ್ತೆ ಅಂಗ್ಡೀಲಿ ಎಂಗೆ ಹೇಳ್ತೀಯ?"

"ಕಲ್ ಮ್ಯಾಲೆ ಬೀಳುಸ್ತೀನಿ. ಆಮ್ಯಾಕೆ ತಂದೋರ್ ಮುಖ ನೋಡ್ತೀನಿ. ಬೆರಕೆ ತಂದೋನ್ ಮುಖ ಸುಮ್ಕಿರಾಕಿಲ್ಲ."

"ತಂದೋರ್‌ಗೇ ಗೊತ್ತಿಲ್ದಿದ್ರೆ? ಅತ್ತೆ ಕಾಲದ್ ಕಡಗ ಅಂತ ಯಾರಾದ್ರೂ ತಂದ್ರೆ?"

"ಇವತ್ತು ಆಗಾಕಿಲ್ಲ, ನಾಳಿಕ್ ಬಾರವ್ವ ಅಂತೀನಿ."

"ನಾಳೆ ಬಂದ್ರೆ?"

"ನಾಳೀಕೂ ಅಂಗೇ ಅಂತೀನಿ."

ನನಗೆ ಮೊದಲು ಬಂದದ್ದು ಸಿಟ್ಟು. ಎರಡು ವರ್ಷ ಒಂದೇ ಮನೆಯಲ್ಲಿದ್ದೂ ಒಂದು ಮಾತು ಹೇಳಲಿಲ್ಲವಲ್ಲ. ಆಮೇಲೆ, ನಾನು ಎದುರಿಗೆ ಕೂತು ಮಾತಾಡಿ ಎಷ್ಟು ದಿನವಾಯಿತು ಎಂದು ನೆನಪಾಗಿ ನಾಚಿಕೆಯಾಯಿತು. ಬಂದವಳೇ ಚಪ್ಪಲಿ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಯಾರ ಯಾರದೋ ಹಾಡು ಕೇಳುತ್ತ ಕೂರುತ್ತಿದ್ದೆ.

"ಮತ್ತೆ ನಂಗ್ಯಾಕೆ ಇದ್ನೇ ತಗೋ ಅಂದೆ?"

"ನಿನ್ ಮುಖ ನೋಡ್ದೆ ಕಣವ್ವ. ನಿಂಗೆ ಸಾಕಾಗಿತ್ತು. ಯಾವ್ದೋ ಒಂದಾಗ್ಲಿ, ಮನೀಗ್ ಓಗುವ ಅಂತಿತ್ತು. ಅದ್ಕೇ ಅಂದ್ಬುಟ್ಟೆ."

ಡ್ರೈವರು ಹತ್ತಿ ಇಂಜಿನ್ ಶುರು ಮಾಡಿದ. "ಇನ್ಮೇಲೆ ಭಾನುವಾರ ನಾನು ಅಂಗ್ಡೀಲಿ ಕೂತ್ಕೋತೀನಿ. ನೀನು ಬೀಳ್ಸು, ನಾನು ಕೇಳಿ ಹೇಳ್ತೀನಿ" ಎಂದೆ. ಕೇಳಿಸಲಿಲ್ಲ. ಇನ್ನೊಮ್ಮೆ ಕೂಗಿ ಹೇಳಿದೆ, ಮುಂದಿನ ಸೀಟಿನವರು ತಿರುಗಿ ನೋಡಿದರು. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಮನಸ್ಸಿಟ್ಟೇ ಹೇಳಿದ್ದೆ. ಆದರೆ ಅದರ ಅಡಿಯಲ್ಲಿ, ಉಳಿದಿದ್ದ ಒಂದು ಭಾನುವಾರವೂ ಹೋಯಿತಲ್ಲ ಎಂಬ ದಣಿವು ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

"ಬ್ಯಾಡ ಬುಡವ್ವ" ಎಂದ ಅಪ್ಪ, ಏನೂ ಬೇಸರವಿಲ್ಲದೆ.