ಕಟ್ಟಿಗೆ ಕೋಣೆಯ ಬಾಗಿಲು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಪ್ರಾಂಶುಪಾಲರು ಹಾಸ್ಟೆಲಿನ ನೀರು, ಕರೆಂಟು, ಉರುವಲು ಮೂರನ್ನೂ ನನ್ನ ಕೊರಳಿಗೆ ಕಟ್ಟಿದ್ದೇ ಆ ಸಿಟ್ಟಿನ ಮೇಲಿನ ಭರವಸೆಯಿಂದ. ನಾನು ಭೌತಶಾಸ್ತ್ರ ಕಲಿಸುತ್ತೇನೆ ಎಂಬುದು ಬರೀ ನೆಪ. "ನಿಮಗ ಹುಡುಗ್ರು ಅಂಜ್ತಾರ್ರಿ, ನೀವ ನೋಡ್ಕೋರಿ" ಎಂದು ಹೇಳಿ ಅವರು ನಿಶ್ಚಿಂತರಾದರು.

ಹುಡುಗರು ಅಂಜುತ್ತಿದ್ದುದು ಸುಳ್ಳಲ್ಲ. ನಲ್ಲಿ ತೆರೆದಿಟ್ಟು ಹೋದವನನ್ನು ಹಿಡಿದು ತಂದು ಅದೇ ನಲ್ಲಿಯ ಮುಂದೆ ಬೆನ್ನಿಗೆ ಬಿಗಿಯುತ್ತಿದ್ದೆ. ಕೋಣೆಯಲ್ಲಿ ಕದ್ದು ಕಾಯಿಲ್ ಇಟ್ಟು ನೀರು ಕಾಸುವವರ ಕಾಯಿಲ್ ಕಿತ್ತು ಎಲ್ಲರ ಕಣ್ಣೆದುರು ಕಲ್ಲಿನಿಂದ ಜಜ್ಜುತ್ತಿದ್ದೆ. ಒಬ್ಬನ ಕಾಯಿಲ್‌ನಿಂದ ಇಡೀ ಹಾಸ್ಟೆಲಿನ ಫ್ಯೂಜು ಹಾರಿ, ಉಳಿದವರೆಲ್ಲ ಕಂದೀಲು ಹಚ್ಚಿಕೊಂಡು ಓದಬೇಕಾಗುತ್ತಿತ್ತು. ಅಂಥವನಿಗೆ ಬುದ್ಧಿ ಹೇಳುತ್ತ ಕೂಡುವ ಸಹನೆ ನನಗಿರಲಿಲ್ಲ. ಈಗ ಹಾಗೆ ಹೊಡೆದರೆ ನನ್ನನ್ನು ಜೈಲಿಗೆ ಹಾಕುತ್ತಾರೆ. ಹಾಕಲಿ ಬಿಡಿ, ಅದು ಬೇರೆ ಮಾತು.

ಹಾಸ್ಟೆಲು ಇದ್ದದ್ದು ಶಹಾಪುರದ ಹೊರಗೆ, ಸುರಪುರದ ರಸ್ತೆಗೆ. ನಾರಾಯಣಪುರದ ಅಣೆಕಟ್ಟಿನ ನೀರು ಕಾಲುವೆಗುಂಟ ನಮ್ಮ ಕಡೆ ಹರಿದು ಬಂದು ಆಗ ಕೆಲವೇ ವರ್ಷಗಳಾಗಿದ್ದವು. ನೀರಿನ ಬೆನ್ನ ಹಿಂದೆಯೇ ಹೊಡೆದಾಟವೂ ಬಂತು. ಪಾಳಿ ತಪ್ಪಿಸಿ ತನ್ನ ಹೊಲಕ್ಕೆ ನೀರು ತಿರುವಿಕೊಂಡವನ ತಲೆ ಒಡೆಯುವುದು, ಒಡೆದವನ ಬಣವೆಗೆ ಬೆಂಕಿ ಬೀಳುವುದು, ಇವೆಲ್ಲ ಸಂತೆಯಲ್ಲಿ ಉಳ್ಳಾಗಡ್ಡಿ ಆರಿಸುತ್ತ ಆಡುವ ಮಾತಾಗಿದ್ದವು. ಕಂಕುಳಲ್ಲಿ ಕೊಡಲಿ ಇಲ್ಲದೆ ಕಾಲುವೆ ಏರಿಯ ಮೇಲೆ ನಡೆಯುವವನನ್ನು ಕಂಡರೆ, ಇವನಿಗೆ ಹೊಲವಿಲ್ಲ ಎಂದೇ ತಿಳಿಯಬೇಕಿತ್ತು.

ನಮಗೂ ಆ ನೀರೇ ಗತಿ. ಕಾಲೇಜಿನ ಬೋರಿನ ನೀರು ಬಾಯಿಗೆ ಹಾಕಲಾಗದಷ್ಟು ಸೌಳು. ಕಂಪೌಂಡಿಗೆ ಹತ್ತಿದ ಹೊಲ ಒಬ್ಬ ಹೆಣ್ಣುಮಗಳದು. ಗಂಡ ತೀರಿಕೊಂಡ ಮೇಲೆ ಆಕೆ ತಮ್ಮನನ್ನು ಜೊತೆಗಿಟ್ಟುಕೊಂಡು ತಾನೇ ಬೇಸಾಯ ಮಾಡುತ್ತಿದ್ದಳು. ವಯಸ್ಸಿನಲ್ಲಿ ನನಗಿಂತ ದೊಡ್ಡವಳು, ಸಿಟ್ಟಿನಲ್ಲಂತೂ ಇನ್ನೂ ದೊಡ್ಡವಳು. ಆಕೆಯ ಹೊಲಕ್ಕೆ ನೀರು ಬಿಡುವ ತೂಬಿನಿಂದ ಒಂದು ಪೈಪು ಎಳೆದರೆ ನೀರು ಇಳಿಜಾರಿಗೆ ತಾನೇ ಹರಿದು ನಮ್ಮ ತೊಟ್ಟಿ ತುಂಬುತ್ತಿತ್ತು. ಮೋಟಾರು ಬೇಡ, ಕರೆಂಟು ಬೇಡ. ಕೇಳಲು ಹೋದಾಗ ಆಕೆ ಕಳೆ ಕೀಳುತ್ತಿದ್ದವಳು ತಲೆ ಎತ್ತದೆಯೇ ಉತ್ತರ ಕೊಟ್ಟಳು.

"ಒಯ್ರಿ ಸರ. ಖರೆ, ಹುಡುಗ್ರು ಮೈ ತೊಳ್ಕೊಂಡ ನೀರು ರಸ್ತಾಕ್ಕ ಚೆಲ್ಲಬ್ಯಾಡ್ರಿ, ನನ್ನ ಹೊಲಕ್ಕ ಬಿಡ್ರಿ. ಒಲಿ ಬೂದಿನೂ ನನ್ನ ತಿಪ್ಪಿಗೇ ಬರಬೇಕು."

"ಕಾಗದ ಮಾಡಿಸೋಣೇನಕ್ಕಾ?"

"ಕಾಗದ ಯಾತಕ್ಕ? ನಿಮ್ಮ ಪೈಪೂ ಇಲ್ಲೇ ಅದ, ನನ್ನ ಕೊಡ್ಲಿನೂ ಇಲ್ಲೇ ಅದ."

ನನಗೆ ಈ ಕರಾರು ಬಹಳ ಹಿಡಿಸಿತು. ನಮ್ಮ ಬಚ್ಚಲ ನೀರಿಗೆ ಆಕೆಯ ಬದುವಿನ ಬದನೆ ಗಿಡಗಳು ಎದೆಯುದ್ದ ಬೆಳೆದವು.

ನೀರಿನ ಚಿಂತೆ ಹೀಗೆ ಕಳೆಯಿತು. ಉರುವಲಿನದು ಮಾತ್ರ ಕಳೆಯಲಿಲ್ಲ. ಅಡುಗೆಯೆಲ್ಲ ಜಾಲಿ ಕಟ್ಟಿಗೆಯ ಮೇಲೆ. ಸುತ್ತಲಿನ ಜಾಲಿಯನ್ನೆಲ್ಲ ಕಾಲುವೆ ಹೊಲಗಳು ನುಂಗಿದ್ದವು. ಕಡಿಮೆ ಕಟ್ಟಿಗೆ ತಿನ್ನುವ ಒಲೆ ಹಾಕಿಸಿದೆ, ಒಂದು ಕೊರಡು ಹೆಚ್ಚಿಗೆ ತುರುಕಿದರೆ ಅಡುಗೆಯವರ ಮೇಲೂ ಹರಿಹಾಯ್ದೆ. ಆದರೆ ವರ್ಷಕ್ಕೊಮ್ಮೆ ಹೋಳಿ ಹುಣ್ಣಿಮೆ ಬರುತ್ತಿತ್ತು. ಕಾಮಣ್ಣನನ್ನು ಸುಡುವುದಕ್ಕೆ ಕಟ್ಟಿಗೆ, ಕುಳ್ಳು ಕದಿಯುವುದು ನಮ್ಮ ಕಡೆಯ ರೂಢಿ. ಕದ್ದದ್ದನ್ನು ವಾಪಸು ಕೇಳುವಂತಿಲ್ಲ, ಕದ್ದವರನ್ನು ಬೈಯುವಂತೆಯೂ ಇಲ್ಲ. ಹೋದ ವರ್ಷದ ಹೋಳಿಯಲ್ಲಿ ಹುಡುಗರು ನಮ್ಮ ಕಟ್ಟಿಗೆ ಕೋಣೆಯಲ್ಲಿದ್ದದ್ದನ್ನೆಲ್ಲ ಬಳಿದು ಸುಟ್ಟು, ಮುಂದೆ ಎಷ್ಟೋ ದಿನ ಅರೆಬೆಂದ ಅನ್ನ ತಿಂದಿದ್ದರು. ಈ ಸಲ ಆ ಆಟ ನಡೆಯಬಾರದೆಂದು ಸುರಪುರಕ್ಕೆ ಹೋದೆ. ಅಲ್ಲಿ ಒಂದು ಹಳೆಯ ವಾಡೆ ಕೆಡವುತ್ತಿದ್ದರು. ಅದರ ತೇಗದ ಬಾಗಿಲನ್ನು ಎತ್ತಿನ ಗಾಡಿಯಲ್ಲಿ ಹೇರಿಸಿಕೊಂಡು ಬಂದೆ. ಅಂಗೈ ದಪ್ಪದ ಹಲಗೆ, ಮೈತುಂಬ ಕಬ್ಬಿಣದ ಗುಬ್ಬಿ ಮೊಳೆ. ಅದನ್ನು ಕಟ್ಟಿಗೆ ಕೋಣೆಗೆ ಕೂಡಿಸಿ ಕೀಲಿ ಜಡಿದೆ. ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡೆ.

ಹುಣ್ಣಿಮೆಯ ಹಿಂದಿನ ದಿನ ಯಾದಗಿರಿ ಕಡೆಯ ಹುಡುಗನೊಬ್ಬ ಎಲ್ಲರ ಪರವಾಗಿ ಬಂದು ನಿಂತ.

"ಸರ್ರ, ಕಾಮಣ್ಣನ ಕಟ್ಟಿಗಿಗಿ ಯಾರೂ ಬ್ಯಾಡ ಅನ್ನಂಗಿಲ್ರಿ."

"ನಾ ಅಂತೀನಿ. ನಿಮ್ಮ ಕಾಮಣ್ಣಗ ಬೇಕಾದ್ರ ನನ್ನ ಸುಡ್ರಿ, ಈ ಕಟ್ಟಿಗಿ ಮುಟ್ಟಿದ್ರ ಕೈ ಮುರೀತೀನಿ."

ಅವನು ತಲೆ ತಗ್ಗಿಸಿ ಹೋದ. ಪರೀಕ್ಷೆ ಹತ್ತಿರ ಬಂದಿತ್ತು, ಹುಡುಗರು ಸಪ್ಪಗಿದ್ದರು. ನಾನು ಕೀಲಿ ಹಾಕಿದ್ದು ತಪ್ಪು ಎಂದು ಇವತ್ತಿಗೂ ಒಪ್ಪುವುದಿಲ್ಲ. ಒಲೆ ಮೊದಲು, ಹಬ್ಬ ಆಮೇಲೆ.

ಮರುದಿನ ಬೆಳ್ಳಂಬೆಳಗ್ಗೆ ಆಟದ ಬಯಲಲ್ಲಿ ಕಾಮಣ್ಣ ಧಗಧಗ ಉರಿಯುತ್ತಿದ್ದ. ನಮ್ಮ ಕಟ್ಟಿಗೆ ಹೋಗಿರಲಿಲ್ಲ ಎಂಬ ಗೆಲುವಿನಲ್ಲಿ ನಾನೂ ಹೋಗಿ ನಿಂತೆ, ಮನೆಯ ಒಲೆಗೆ ಆ ಬೆಂಕಿ ಒಯ್ಯೋಣವೆಂದು ಕೈಯಲ್ಲಿ ಒಂದು ಕುಳ್ಳೂ ಹಿಡಿದಿದ್ದೆ. ಕಾಮಣ್ಣ ಸತ್ತನೆಂದು ಹುಡುಗರು ಅಂಗೈಯಿಂದ ಬಾಯಿ ಬಡಿದುಕೊಳ್ಳುತ್ತ ಬೊಬ್ಬೆ ಹೊಡೆಯುತ್ತಿದ್ದರು. ಆಚೆ ಹೊಲದಿಂದಲೂ ಒಂದು ಹೆಣ್ಣುದನಿ ಬಾಯಿ ಬಡಿದುಕೊಳ್ಳುತ್ತಿತ್ತು. ನಮಗೆ ಸಾಥ್ ಕೊಡುತ್ತಿದ್ದಾಳೆ ಎಂದುಕೊಂಡು ಹುಡುಗರು ನಕ್ಕು ಇನ್ನೂ ಜೋರಾಗಿ ಬೊಬ್ಬೆ ಹೊಡೆದರು. ನಾನೂ ನಕ್ಕೆ. ಬಹಳ ಹೊತ್ತಾದರೂ ಆ ದನಿ ನಿಲ್ಲಲಿಲ್ಲ. ಆಗ ಬೆಂಕಿಯಲ್ಲಿ ಉದ್ದುದ್ದ ಹಲಗೆಗಳು ಉರಿಯುತ್ತಿರುವುದು ಕಂಡಿತು. ಅಂಚಿಗೆ ಕಾಲುವೆಯ ಒಣ ರಾಡಿ ಅಂಟಿತ್ತು.

"ಎಲ್ಲಿಂದ ತಂದ್ರೋ ಇವನ್ನ?"

"ಕಾಲುವ್ಯಾಗ ಬಿದ್ದಿದ್ವು ಸರ. ಕಾಲುವಿ ಒಣಗಿತ್ತು."

ಅವು ಪಕ್ಕದ ಹೊಲದಾಕೆಯ ತೂಬಿನ ಹಲಗೆಗಳು. ಸರ್ಕಾರ ಹಾಕಿದ ಕಬ್ಬಿಣದ ಗೇಟನ್ನು ಯಾರೋ ಎಂದೋ ಕಿತ್ತುಕೊಂಡು ಹೋಗಿದ್ದರಿಂದ ಆಕೆಯ ತಮ್ಮ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ತೂಬು ಮುಚ್ಚುತ್ತಿದ್ದ. ಹುಡುಗರು ಯಾದಗಿರಿ ಆಚೆಯ ಕೆರೆ, ಮಳೆ ನೀರಿನ ಊರಿನವರು. ಕಾಲುವೆಯ ಪಾಳಿ ಅವರಿಗೇನು ಗೊತ್ತು? ಒಣಗಿದ ಕಾಲುವೆಯೆಂದರೆ ಸತ್ತ ಕಾಲುವೆ ಎಂದುಕೊಂಡಿದ್ದರು. ಬೆಳಗಾಗುವಷ್ಟರಲ್ಲಿ ಮೇಲಿನಿಂದ ಪಾಳಿಯ ನೀರು ಬಿಟ್ಟಿದ್ದರು.

ಓಡಿದೆವು. ತೆರೆದ ತೂಬಿನಿಂದ ನೀರು ನುಗ್ಗಿ ಬದು ಒಡೆದು ಆಕೆಯ ಕಣಕ್ಕೆ ಹೊಕ್ಕಿತ್ತು. ವರ್ಷದ ಬಿಳಿಜೋಳದ ತೆನೆಯೆಲ್ಲ ಅಲ್ಲಿ ರಾಶಿ ಬಿದ್ದಿತ್ತು. ರಾಶಿಯ ಬುಡ ತೇಲಾಡುತ್ತಿತ್ತು. ಆಕೆ ಮೊಳಕಾಲುದ್ದ ನೀರಿನಲ್ಲಿ ತೆನೆಗಳನ್ನು ಸೆರಗಿಗೆ ಬಾಚುತ್ತ ಕಿರುಚುತ್ತಿದ್ದಳು. ಆಕೆಯ ತಮ್ಮ ಹುಡುಗರ ಮೈಮೇಲಿನ ಬೂದಿ ನೋಡಿದ, ಮುಂದಿದ್ದವನ ಕಾಲಿಗೆ ಬಡಿಗೆ ಬೀಸಿದ. ಹುಡುಗ ಕುಸಿದ. ನಾನು ಬಿಡಿಸಬೇಕಿತ್ತು. ಬಿಡಿಸಲಿಲ್ಲ. ಮೈಯೆಲ್ಲ ಉರಿದು, ಒಂದು ಜಾಲಿ ಕೋಲು ಕಿತ್ತುಕೊಂಡು ಉಳಿದವರನ್ನು ನಾನೇ ಬಡಿಯತೊಡಗಿದೆ. ಮುಖ, ಬೆನ್ನು ನೋಡಲಿಲ್ಲ. ಯಾದಗಿರಿ ಹುಡುಗನ ಕಿವಿಯಿಂದ ರಕ್ತ ಇಳಿಯಿತು.

ಆಗ ಆಕೆ ಸೆರಗು ಕೊಡವಿ ಕೊಡಲಿ ಎತ್ತಿಕೊಂಡಳು. ನೆಟ್ಟಗೆ ನಮ್ಮ ಪೈಪಿನತ್ತ ನಡೆದಳು.

ಪೈಪು ಹೋದರೆ ನೀರಿಲ್ಲ, ನೀರಿಲ್ಲದಿದ್ದರೆ ಹಾಸ್ಟೆಲು ಮುಚ್ಚಬೇಕು. ಊರಿಗೆ ಹೋದ ಹುಡುಗರನ್ನು ಸುಗ್ಗಿಯ ಕೂಲಿ ಹಿಡಿದುಕೊಳ್ಳುತ್ತದೆ, ಅರ್ಧ ಮಂದಿ ಪರೀಕ್ಷೆಗೆ ತಿರುಗಿ ಬರುವುದಿಲ್ಲ. ಮನೆಯಲ್ಲಿ ಮೊದಲ ಸಲ ಪುಸ್ತಕ ಹಿಡಿದ ಹುಡುಗರು ಅವರು. ಓಡಿ ಹೋಗಿ ಪೈಪಿನ ಮೇಲೆ ನಿಂತೆ.

"ಸರಿ ಆ ಕಡಿ."

"ಅಕ್ಕಾ, ಪೈಪು ಕಡೀಬ್ಯಾಡ. ಹುಡುಗರ ಪರೀಕ್ಷಾ ಅದ."

"ನನ್ನ ಪರೀಕ್ಷಾ ಆಗ್ಯಾದ. ಸರಿ ಅಂದೆ."

ಸರಿಯಲಿಲ್ಲ. ಆಕೆ ಕೊಡಲಿ ತಿರುವಿ ಅದರ ಹಿಂಬದಿಯಿಂದ ನನ್ನ ಎಡಭುಜಕ್ಕೆ ಕೊಟ್ಟಳು. ಎಲುಬು ಲಟಕ್ಕೆಂದದ್ದು ನನಗೇ ಕೇಳಿಸಿತು. ನಾನು ಬಿದ್ದದ್ದನ್ನು ಕಂಡು, ಅಷ್ಟೊತ್ತು ನನ್ನಿಂದಲೇ ಏಟು ತಿಂದ ಹುಡುಗರು ಕಲ್ಲು ಎತ್ತಿಕೊಂಡರು. ಒಂದು ಕಲ್ಲು ತಮ್ಮನ ಹಣೆ ಸೀಳಿತು. ಅವನು ಕಣ್ಣಿಗಿಳಿದ ರಕ್ತ ಒರೆಸಿಕೊಂಡು ಕುಡುಗೋಲು ಹುಡುಕತೊಡಗಿದ. ಊರ ಕಡೆಯಿಂದ ಬಡಿಗೆ ಹಿಡಿದ ಜನ ಏರಿ ಹತ್ತಿ ಬರುತ್ತಿರುವುದು ಕಾಣುತ್ತಿತ್ತು. ಇವತ್ತು ಹೆಣ ಬೀಳುತ್ತದೆ ಎಂದುಕೊಂಡೆ.

ಆಕೆಯ ಒದರಾಟಕ್ಕೆ ಎಲ್ಲರೂ ನಿಂತರು. "ಆಮ್ಯಾಲ ಬಡದಾಡ್ರೋ ಹಾಟ್ಯಾರ! ನೀರು ಬರಾಕತ್ತದ, ಮೊದ್ಲು ಅದನ್ನ ನಿಲ್ಲಿಸ್ರೋ!"

ಯಾದಗಿರಿ ಹುಡುಗನೇ ಮೊದಲು ತೂಬಿಗೆ ಹಾರಿದ. ಅವನ ಹಿಂದೆ ನಾಲ್ಕೈದು ಮಂದಿ. ಬೆನ್ನು ಕೊಟ್ಟು ನಿಂತರೂ ನೀರು ಅವರನ್ನು ಚೆಂಡಿನಂತೆ ಒದ್ದು ಹೊರಗೆಸೆಯಿತು. ಹಲಗೆ ಬೇಕಿತ್ತು. ಇದ್ದ ಹಲಗೆಯೆಲ್ಲ ಬೂದಿಯಾಗಿತ್ತು. ನಾನು ಬಿದ್ದಲ್ಲಿಂದಲೇ ಉಡದಾರಕ್ಕೆ ಕೈ ಹಾಕಿ ಕೂಗಿದೆ.

"ಕಟ್ಟಿಗಿ ಕೋಣೆ ಬಾಗಿಲು ತರ್ರಿ! ಕೀಲಿಕೈ ಇಲ್ಲೇ ಅದ!"

"ಕೀಲಿಕೈ ನಿನ್ನ ಸೊಂಟಕ್ಕ ಇರ್ಲಿ" ಎಂದಳು ಆಕೆ. ಓಡಿ ಹೋಗಿ ಬಾಗಿಲಿನ ತಿರುಗುಣಿಗಳನ್ನು ಕೊಡಲಿಯಿಂದ ಒಡೆದಳು, ಚಿಲಕ ಕೂತ ಚೌಕಟ್ಟನ್ನೂ ಕಡಿದಳು. ಹುಡುಗರೂ ಆಕೆಯ ತಮ್ಮನೂ ಸೇರಿ ಬಾಗಿಲನ್ನು ಹೊತ್ತು ತಂದು ತೂಬಿಗೆ ಇಳಿಸಿದರು. ನೀರೇ ಅದನ್ನು ಒತ್ತಿ ಹಿಡಿಯಿತು. ನಾನು ಜಡಿದ ಕೀಲಿ ಅದರ ಮೈಗೆ ಇನ್ನೂ ನೇತಾಡುತ್ತಿತ್ತು.

ಊರವರು ಬಂದು ಮುತ್ತಿದರು. ಯಾರು ಮಾಡಿದ್ದು, ತೋರಿಸು, ಕೈಕಾಲು ತೆಗೆಯುತ್ತೇವೆ ಎಂದರು. ಆಕೆಯ ಮುಖದಲ್ಲಿ ರಾಡಿ, ಕಣ್ಣು ಕೆಂಡ.

"ಕಾಮಣ್ಣನ ಕಟ್ಟಿಗಿ ಒಯ್ದಾರ" ಎಂದಳು. "ಅದಕ್ಕ ಯಾರನ್ನ ಏನ್ ಕೇಳ್ತೀರಿ? ನಿಮ್ಮ ಮಕ್ಳು ನನ್ನ ಬಂಡಿ ನೊಗಾ ಸುಟ್ಟಾಗ ನಾ ಕೇಳಿದ್ನೇನು?" ಆಮೇಲೆ ನನ್ನ ಕಡೆ ತಿರುಗಿದಳು. "ಕೇಳಬೇಕಾದ್ರ ಇವನ್ನ ಕೇಳ್ರಿ. ತನ್ನ ಮನ್ಯಾಗಿನ ಕಟ್ಟಿಗಿಗಿ ಕೀಲಿ ಹಾಕಿ, ಮಕ್ಕಳನ್ನ ಮಂದಿ ಹೊಲಕ್ಕ ಹೊಡದಾನ. ಬಾಗಿಲು ನನ್ನ ತೂಬಿಗೇ ಇರ್ತದ. ಪೈಪು ಬರೂ ಕಾಮಣ್ಣನ ತನಾ ಇರ್ಲಿ. ಅವತ್ತ ಆ ಕ್ವಾಣಿಗಿ ಬಾಗಿಲು ಕಂಡ್ರ ಪೈಪು ಕಡೀತೀನಿ. ನಡುವ ನಿಂತ್ರ ನಿನ್ನೂ."

ನನ್ನ ಭುಜಕ್ಕೆ ಕಟ್ಟು ಬಿತ್ತು. ನೆನೆದ ತೆನೆಗಳನ್ನು ಹುಡುಗರು ಹಾಸ್ಟೆಲಿನ ಮಾಳಿಗೆ ಮೇಲೆ ಹರವಿ, ಒಂದು ಕೈಯಲ್ಲಿ ಪುಸ್ತಕ ಹಿಡಿದು ಇನ್ನೊಂದು ಕೈಯಿಂದ ಬಿಸಿಲಿಗೆ ತಿರುವಿ ಹಾಕಿದರು. ಕಪ್ಪಿಟ್ಟ ಜೋಳವನ್ನು ನಾವು ಇಟ್ಟುಕೊಂಡು ನಮ್ಮ ಉಗ್ರಾಣದ ಒಳ್ಳೆಯ ಜೋಳ ಆಕೆಗೆ ಕೊಟ್ಟೆವು. ಪರೀಕ್ಷೆ ಮುಗಿಯುವವರೆಗೆ ಕಹಿ ರೊಟ್ಟಿಯೇ ತಿಂದೆವು. ಯಾರೂ ತಕರಾರು ಮಾಡಲಿಲ್ಲ, ಮಾಡಿದ್ದರೂ ಹೊಡೆಯುವ ತ್ರಾಣ ನನ್ನಲ್ಲಿರಲಿಲ್ಲ. ಕ್ಲಾಸಿನಲ್ಲಿ ಯಾದಗಿರಿ ಹುಡುಗನ ಕಿವಿಯ ಗಾಯ ಕಂಡಾಗ ನನಗೆ ಪಾಠ ತಪ್ಪುತ್ತಿತ್ತು.

ಕೋಣೆಗೆ ಬಾಗಿಲು ಹಾಕಿಸಲಿಲ್ಲ. ಒಂದು ಗೋಣಿತಟ್ಟು ಇಳಿಬಿಟ್ಟು ವರ್ಷವಿಡೀ ಕಟ್ಟಿಗೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದೆ. ಮತ್ತೆ ಹೋಳಿ ಬಂತು. ಕಟ್ಟಿಗೆ ಮುಟ್ಟಬೇಡಿ ಎಂದು ನಾನು ಯಾರಿಗೂ ಹೇಳಲಿಲ್ಲ. ಹುಡುಗರು ತಟ್ಟಿನ ಹತ್ತಿರವೂ ಸುಳಿಯದೆ ಕಸಕಡ್ಡಿ, ಹಳೇ ಕಸಬರಿಗೆ ಕೂಡಿಸಿ ಒಂದು ಸಣ್ಣ ಕಾಮಣ್ಣನನ್ನು ಮಾಡಿದರು. ಅದನ್ನು ಕಂಡು ನನಗೆ ಗೆದ್ದೆನೆಂದು ಅನಿಸಲಿಲ್ಲ.

ಬೆಳಕು ಹರಿಯುವಾಗ ಆಕೆ ಬಂದಳು, ಹೆಗಲ ಮೇಲೆ ಕೊಡಲಿ. ಆಕೆ ಪೈಪು ದಾಟಿದಳು. ನೆಟ್ಟಗೆ ಕಟ್ಟಿಗೆ ಕೋಣೆಗೆ ನಡೆದು ಗೋಣಿತಟ್ಟು ಕಿತ್ತೆಸೆದಳು. ಕೊಡಲಿ ಗೋಡೆಗೆ ಒರಗಿಸಿ ಎರಡೂ ತೋಳು ತುಂಬ ಜಾಲಿ ಕಟ್ಟಿಗೆ ಎತ್ತಿಕೊಂಡು, ನನ್ನೆದುರಿಗೇ ಬಂದು ನಿಂತಳು.

"ಈ ಸರ್ತಿ ನಾ ಕದ್ದೀನಿ ಸರ" ಎಂದಳು. "ಬಡೀರಿ, ನೋಡಮು."

ಹುಡುಗರೆಲ್ಲ ನನ್ನ ಮುಖ ನೋಡುತ್ತಿದ್ದರು. ನನ್ನ ಎಡಗೈ ಇನ್ನೂ ಮೇಲೇಳುತ್ತಿರಲಿಲ್ಲ. ಆಕೆಯ ತೋಳಿನಿಂದ ಜಾರುತ್ತಿದ್ದ ಒಂದು ಕೊರಡನ್ನು ಬಲಗೈಯಲ್ಲಿ ಹಿಡಿದುಕೊಂಡು, ಆಕೆಯ ಜೊತೆ ಬೆಂಕಿಯ ಕಡೆ ನಡೆದೆ.