ಒಂಬತ್ತು ಉಂಡೆ ಹಿಟ್ಟು

೨೦೨೪ರ ನವೆಂಬರಿನಲ್ಲಿ ನಾನು ಒಂದು ಸಣ್ಣ ಬಜೆಟ್ಟಿನ ಸ್ವತಂತ್ರ ಚಿತ್ರಕ್ಕೆ ಸ್ಕ್ರಿಪ್ಟ್ ಸೂಪರ್‌ವೈಸರ್ ಆಗಿದ್ದೆ. ಸಿನಿಮಾದಲ್ಲಿ ಒಂದೇ ದೃಶ್ಯವನ್ನು ಹಲವು ಸಲ ತೆಗೆಯುತ್ತಾರೆ. ಒಂದೊಂದು ಸಲವೂ ಒಂದೊಂದು ಟೇಕು. ಮೊದಲ ಟೇಕಿನಲ್ಲಿ ಲೋಟ ಬಲಗೈಯಲ್ಲಿದ್ದರೆ ಏಳನೆಯದರಲ್ಲೂ ಬಲಗೈಯಲ್ಲೇ ಇರಬೇಕು. ಇಲ್ಲದಿದ್ದರೆ ಎಡಿಟಿಂಗಿನಲ್ಲಿ ತುಣುಕುಗಳು ಒಂದಕ್ಕೊಂದು ಕೂಡುವುದಿಲ್ಲ. ಅದನ್ನು ಗಮನಿಸಿ ಬರೆದಿಡುವುದು, ತಪ್ಪಿದರೆ ಹೇಳುವುದು ನನ್ನ ಕೆಲಸ. ಹನ್ನೆರಡನೇ ವಯಸ್ಸಿಗೆ ಮೈಸೂರಿನಿಂದ ಅಮೆರಿಕಕ್ಕೆ ಬಂದಾಗಿನಿಂದ ಒಂದು ದಿನವೂ ಬಿಡದೆ ದಿನಚರಿ ಬರೆಯುತ್ತಿರುವ ನನಗೆ ಇದಕ್ಕಿಂತ ಒಪ್ಪುವ ಉದ್ಯೋಗ ಇರಲಿಲ್ಲ.

ಚಿತ್ರದ ಕಥೆ ನೂರು ವರ್ಷ ಹಿಂದಿನದು. ಪೂರ್ವ ಯುರೋಪಿನಿಂದ ಬಂದ ಯಹೂದಿ ಕುಟುಂಬವೊಂದು ಇಲ್ಲಿನ ಪೆಟಲೂಮ ಎಂಬ ಊರಿನಲ್ಲಿ ಕೋಳಿ ಸಾಕಿ ಬದುಕು ಕಟ್ಟಿಕೊಳ್ಳುತ್ತದೆ. ಆದರೆ ಶೂಟಿಂಗು ನಡೆದದ್ದು ಮಾರ್ಗನ್ ಹಿಲ್‌ನ ಹಳೆಯ ತೋಟದ ಮನೆಯಲ್ಲಿ. ಅಲ್ಲಿನ ಕಬ್ಬಿಣದ ಸೌದೆ ಒಲೆ ಇನ್ನೂ ಉರಿಯುತ್ತಿತ್ತು. ಅಜ್ಜಿಯ ಪಾತ್ರಕ್ಕೆ ರೂತ್ ಬಂದಿದ್ದರು. ವಯಸ್ಸು ಎಂಬತ್ತಮೂರು. ಅದುವರೆಗೆ ಕ್ಯಾಮೆರಾ ಮುಂದೆ ನಿಂತವರಲ್ಲ. ಅಂಥದ್ದೇ ಕೋಳಿ ಫಾರಂನಲ್ಲಿ ಹುಟ್ಟಿ ಬೆಳೆದವರು ಎಂದು ನಿರ್ದೇಶಕಿ ಲೀಯಾ ಹುಡುಕಿ ಕರೆತಂದಿದ್ದಳು.

ಅಡುಗೆಮನೆಯ ದೃಶ್ಯಕ್ಕೆ ಗೊತ್ತಾದ ದಿನ ನವೆಂಬರ್ ೧೪, ಗುರುವಾರ. ಅಜ್ಜಿ ಮೊಟ್ಟೆ ಬೆರೆಸಿದ ಹಳದಿ ಬ್ರೆಡ್ಡಿಗೆ ಹಿಟ್ಟು ನಾದಿ, ಮೂರು ಎಳೆ ಮಾಡಿ, ಜಡೆಯ ಹಾಗೆ ಹೆಣೆಯಬೇಕು. ಹಿಟ್ಟು ಕಲೆಸುವ ಹೊಣೆಯನ್ನು ನಮ್ಮಮ್ಮ ಒಪ್ಪಿಕೊಂಡಿದ್ದಳು. ಟೇಕಿಗೆ ಒಂದರಂತೆ ಒಂಬತ್ತು ಉಂಡೆಗಳನ್ನು ಇಡ್ಲಿ ಹಿಟ್ಟಿನ ಡಬ್ಬಿಗಳಲ್ಲಿ ತುಂಬಿಕೊಂಡು ಕ್ಯಾಂಪ್‌ಬೆಲ್‌ನ ಮನೆಯಿಂದ ತಾನೇ ಡ್ರೈವ್ ಮಾಡಿಕೊಂಡು ಬಂದಳು.

"ಮೊಟ್ಟೆ ಹಾಕಿಲ್ಲ ಕಣೇ, ನನ್ನ ಕೈಲಾಗಲ್ಲ. ನಿಮಗೆ ಬಣ್ಣ ತಾನೇ ಬೇಕಾಗಿರೋದು? ಚಿಟಿಕೆ ಅರಿಶಿನ ಹಾಕಿದೀನಿ."

ಅಮ್ಮನ ಚಿಟಿಕೆ ಎಂದರೆ ಅರ್ಧ ಚಮಚ. ಮೂರನೇ ಟೇಕು ಮುಗಿಯುವಷ್ಟರಲ್ಲಿ ರೂತ್ ಅವರ ಉಗುರೆಲ್ಲ ಹಳದಿ.

"ನಿಮ್ಮಮ್ಮ ನನಗೆ ಮದುವೆ ಗೊತ್ತುಮಾಡಿದ್ದಾರಾ?" ಎಂದು ರೂತ್ ನಕ್ಕರು. ಯಾವುದೋ ಇಂಡಿಯನ್ ಮದುವೆಯಲ್ಲಿ ಅರಿಶಿನ ಹಚ್ಚುವುದನ್ನು ನೋಡಿದ್ದರಂತೆ.

ಕೈ ತೊಳೆದು ಬಂದು ಹೊಸ ಉಂಡೆ ತೆಗೆದುಕೊಂಡರು. ಟೇಕು ೪, ಮಧ್ಯಾಹ್ನ ೨:೫೦. ನಾದುತ್ತಾ ನಾದುತ್ತಾ ಅವರ ಎಡಗೈ ನಿಂಬೆಹಣ್ಣಿನಷ್ಟು ಹಿಟ್ಟನ್ನು ಮುರಿದುಕೊಂಡಿತು. ತುಟಿಗಳು ಅಲುಗಿದವು. ಕೈ ಒಲೆಯ ಕಡೆ ಚಾಚಿತು, ಅರ್ಧದಲ್ಲೇ ನಿಂತಿತು. ನಾಲ್ಕು ಸೆಕೆಂಡು. ಎಲ್ಲವನ್ನೂ ಬರೆದುಕೊಂಡೆ. ಕಟ್ ಆದ ಕೂಡಲೇ ಹೇಳಿದೆ: "ಮೊದಲ ಮೂರು ಟೇಕಿನಲ್ಲಿ ಇದು ಇಲ್ಲ, ರೂತ್. ದಯವಿಟ್ಟು ಹಿಂದಿನ ಹಾಗೇ ಮಾಡಿ."

"ನಾನೇನು ಮಾಡಿದೆ?" ಎಂದರು ಅವರು.

ಐದರಲ್ಲೂ ಕೈ ಹಾಗೇ ಹೊರಟಿತು. ಮತ್ತೆ ಹೇಳಿದೆ. ಆರರಲ್ಲಿ ಬೆರಳು ಹಿಟ್ಟನ್ನು ಮುರಿಯುವ ಮೊದಲೇ ಎಚ್ಚರಿಸಲು ಕೆಮ್ಮಿದೆ. ರೂತ್ ನಾದುವುದನ್ನು ನಿಲ್ಲಿಸಿ ಒಲೆಯ ಕಡೆ ನೋಡಿದರು. ಆಮೇಲೆ ಸ್ಟೂಲು ಎಳೆದುಕೊಂಡು ಕುಳಿತರು.

"ಬೇಯಿಸುವ ಮುಂಚೆ ನಮ್ಮಮ್ಮ ಒಂದು ಚೂರು ಬೆಂಕಿಗೆ ಹಾಕುತ್ತಿದ್ದಳು. ದೇವರ ಪಾಲು ಅಂತ," ಎಂದರು. "ನನಗೆ ಒಂಬತ್ತು ವರ್ಷವಾದಾಗ ಫಾರಂ ಮಾರಿ ಊರೊಳಗಿನ ಅಪಾರ್ಟ್‌ಮೆಂಟಿಗೆ ಬಂದೆವು. ಆಮೇಲೆ ಬೇಕರಿ ಬ್ರೆಡ್ಡು. ಅವಳು ಹೇಗೆ ಹಾಕುತ್ತಿದ್ದಳು, ಏನು ಹೇಳುತ್ತಿದ್ದಳು, ಎಷ್ಟು ಯೋಚಿಸಿದರೂ ನೆನಪಾಗಿರಲಿಲ್ಲ. ಈ ಒಲೆಯ ಫೋಟೋ ನೋಡಿಯೇ ನಾನು ಈ ಸಿನಿಮಾಕ್ಕೆ ಒಪ್ಪಿದ್ದು. ಇವತ್ತು ಬಂದಿತ್ತು, ಅಲ್ಲವಾ? ನೀನು ಮೂರು ಸಲ ಬೇಡ ಅಂದೆ."

ಕೈಯಲ್ಲಿದ್ದ ಪೆನ್ಸಿಲನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅಮ್ಮ ಪಿಸುಗುಟ್ಟಿದಳು: "ಏನಂತೆ?" ನಾನು ಹೇಳಿದೆ. ಅವಳು, "ಹೋಳಿಗೆ ಕಣಕದಿಂದ ಒಂದು ಚೂರು ನಮ್ಮಮ್ಮನೂ ಒಲೆಗೆ ಹಾಕ್ತಿದ್ರು. ಇಲ್ಲಿ ನಮ್ಮದು ಕರೆಂಟಿನ ಗಾಜಿನ ಒಲೆ. ಬೆಂಕಿನೇ ಇಲ್ಲ, ಎಲ್ಲಿಗೆ ಹಾಕಲಿ?" ಎಂದಳು. ಇಲ್ಲಿಗೆ ಬಂದ ಹದಿನೇಳು ವರ್ಷದಲ್ಲಿ ಅಮ್ಮ ಇದನ್ನು ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಲೀಯಾ ನಿಯಮ ಸಡಿಲಿಸಿದಳು. "ಹಿಂದಿನದಕ್ಕೆ ಹೊಂದದಿದ್ದರೂ ಪರವಾಗಿಲ್ಲ, ರೂತ್. ನಿಮಗೆ ಬಂದ ಹಾಗೆ ಮಾಡಿ."

ಆದರೆ ಏಳನೇ ಟೇಕಿನಲ್ಲಿ ಕೈ ಸುಮ್ಮನೆ ನಾದಿತು. ಎಂಟರಲ್ಲಿ ಅವರು ಬೇಕೆಂದೇ ಮುರಿದು ಒಲೆಗೆ ಹಾಕಿದರು. "ಇದು ನಾನು ಮಾಡ್ತಿರೋದು, ಅವಳಲ್ಲ," ಎಂದು ಏಪ್ರನ್ನಿಗೆ ಕೈ ಒರೆಸಿಕೊಂಡರು. ಆಗ ೪:೦೫. ಕಿಟಕಿಯ ಬೆಳಕು ನಾಲ್ಕೂವರೆಗೆ ಮುಗಿಯುತ್ತಿತ್ತು. ಉಳಿದಿದ್ದದ್ದು ಒಂದೇ ಉಂಡೆ. ಮೂರನೇ ಟೇಕು ಚೆನ್ನಾಗಿದೆ, ಸಾಕು ಮಾಡೋಣ ಎಂದಳು ಲೀಯಾ.

ಕೊನೆಯ ಉಂಡೆಯನ್ನು ನನಗೆ ಬಿಟ್ಟುಕೊಡಿ ಎಂದು ಕೇಳಿದೆ. ಅದನ್ನು ರೂತ್ ಮುಂದಿಟ್ಟು, ಎಂಟನೇ ಟೇಕಿನಲ್ಲಿ ಉಳಿದ ಹಿಟ್ಟು ಹಿಡಿದು ಪಕ್ಕದಲ್ಲಿ ನಿಂತೆ. ನಾಲ್ಕನೇ ಟೇಕಿನ ಹಾಳೆಯನ್ನು ಓದಿದೆ. "ಎಡಗೈ. ಹೆಬ್ಬೆರಳು, ಎರಡು ಬೆರಳು." ಓದಿದಂತೆ ನಾನೇ ಮಾಡಿ ತೋರಿಸಿದೆ.

"ಅಯ್ಯೋ, ಅಲ್ಲ! ಮಗುವಿನ ಕೆನ್ನೆ ಹಿಂಡಿದ ಹಾಗೆ ಹಿಂಡ್ತೀಯಲ್ಲ!" ರೂತ್ ರೇಗಿದರು. "ಹಿಂಡೋದಲ್ಲ ಹುಡುಗಿ, ತಿರುಚಿ ತೆಗೀಬೇಕು. ಹೀಗೆ—"

ಅವರ ಕೈ ಹೋಗಿಬಿಟ್ಟಿತ್ತು. ತಿರುಚಿತು, ಮುರಿಯಿತು, ಒಲೆಯ ಬಾಯಿಗೆ ಎಸೆಯಿತು. ತುಟಿಗಳು ಅಲುಗಿದವು. ಲೀಯಾ ಬೆರಳೆತ್ತಿ ಸನ್ನೆ ಮಾಡಿದ್ದನ್ನು, ಕ್ಯಾಮೆರಾ ಓಡುತ್ತಿದ್ದದ್ದನ್ನು ನಾನು ಆಮೇಲೆ ಕಂಡೆ. ಟೇಕು ೯, ೪:೧೮.

"ಅಮ್ಮ ಹೇಳುತ್ತಿದ್ದ ಮಾತು ಬರಲಿಲ್ಲ," ಎಂದರು ರೂತ್, ಬೆಂಕಿಯನ್ನೇ ನೋಡುತ್ತಾ. "ಕೈ ಬಂತು. ಸಾಕು." ನಾನು ಓದಿದ ನಾಲ್ಕನೇ ಟೇಕಿನ ಹಾಳೆಯ ನಕಲನ್ನು ಕೇಳಿದರು. ಕೈಯಲ್ಲೇ ಬರೆದುಕೊಟ್ಟೆ.

ನನ್ನ ವರದಿಯಲ್ಲಿ ಒಂಬತ್ತನೇ ಟೇಕಿನ ಮುಂದೆ ಹೀಗಿದೆ: "ಯಾವುದಕ್ಕೂ ಹೊಂದುವುದಿಲ್ಲ. ಇಟ್ಟುಕೊಳ್ಳಿ." ಚಿತ್ರದಲ್ಲಿ ಇರುವುದು ಅದೇ. ಉಗುರು ಹಳದಿ. ಚೌಕಟ್ಟಿನ ಅಂಚಿಗೆ ನನ್ನ ನೀಲಿ ಸ್ವೆಟರಿನ ತೋಳು ಬಂದಿತ್ತು. ಅದನ್ನು ಮಾತ್ರ ಕತ್ತರಿಸಿದರು.

ಅಂದಿನಿಂದ ನನ್ನ ಹಾಳೆಯಲ್ಲಿ ಒಂದು ಕಾಲಂ ಹೆಚ್ಚು: "ಮೊದಲು ಕೇಳು." ತಪ್ಪು ಎಂದು ಹೇಳುವ ಮೊದಲು ನಟರನ್ನು ಕೇಳುತ್ತೇನೆ. ಇವತ್ತಿಗೆ ನಲವತ್ತೊಂದು ಸಲ ಕೇಳಿದ್ದೇನೆ. ಮೂವತ್ತೈದು ನಿಜವಾಗಿಯೂ ತಪ್ಪುಗಳೇ. ಉಳಿದ ಆರಕ್ಕಾಗಿ ಕಾಲಂ ಇಟ್ಟುಕೊಂಡಿದ್ದೇನೆ.

ಮರುವರ್ಷದ ಯುಗಾದಿಗೆ ಅಮ್ಮ ಹಿತ್ತಲಿನ ಬಾರ್ಬೆಕ್ಯೂಗೆ ಇದ್ದಿಲು ಹಾಕಿ ಹೊತ್ತಿಸಿದಳು. "ಏನೇ ಇದು, ಹಬ್ಬದ ದಿನ ಗ್ರಿಲ್ಲು?" ಎಂದರು ಅಪ್ಪ. ಅಮ್ಮ ಹೋಳಿಗೆ ಕಣಕದ ಮೊದಲ ಚೂರನ್ನು ಕೆಂಡಕ್ಕೆ ಹಾಕಿದಳು. ದಿನಚರಿಯಲ್ಲಿ ಬರೆದುಕೊಂಡೆ: ಬೆಳಿಗ್ಗೆ ೯:೧೦, ಬಲಗೈ. ಅವಳ ಅಮ್ಮ ಹಾಗೇ ಹಾಕುತ್ತಿದ್ದರೇ ಎಂದು ನೋಡಲು ಹಿಂದಿನ ಟೇಕು ನನ್ನ ಹತ್ತಿರ ಇರಲಿಲ್ಲ.