ತೂತು ಹೊಲಿಯದ ದರ್ಜಿ

ಬೆಳಗಿನ ಆರು ಗಂಟೆ. ಮುಚ್ಚಿದ ಶಾಲೆಯೊಂದರ ಆರನೇ ಕ್ಲಾಸಿನ ಕೋಣೆ. ಕರಿಹಲಗೆ ಇನ್ನೂ ಗೋಡೆಯಲ್ಲಿದೆ, ಅದರ ಕೆಳಗೆ ನಾಲ್ಕು ತಗಡಿನ ತೊಟ್ಟಿಗಳಿವೆ. ಐವತ್ತೆಂಟು ವರ್ಷದ ಹೆಂಗಸೊಬ್ಬರು ಮಣೆಯ ಮೇಲೆ ಕೂತು, ಹಲ್ಲುಜ್ಜುವ ಬ್ರಷ್ಷಿನಿಂದ ಸ್ವೆಟರಿನ ತೋಳೊಂದರ ಮಣ್ಣು ಬಿಡಿಸುತ್ತಿದ್ದಾರೆ. ಸೋಪು ಇಲ್ಲ, ಬಿಸಿನೀರಿಲ್ಲ, ಹಿಂಡುವುದಂತೂ ಇಲ್ಲವೇ ಇಲ್ಲ. ಹಸುಗೂಸಿಗೆ ನೀರು ಹಾಕುವ ಹಾಗೆ ಅಂಗೈಯಲ್ಲಿ ಇಷ್ಟಿಷ್ಟೇ ನೀರು ಬಿಡುತ್ತಾರೆ.

ಊರಿಗೆಲ್ಲ ಇವರು ಟೈಲರಕ್ಕ. ಗುಂಡಿಗಳಿಂದ ತೆಗೆದ ಹೆಣಗಳ ಬಟ್ಟೆ ತೊಳೆಯುವುದು ಇವರ ಕೆಲಸ. ಮೂಳೆಗೆ ಮುಖವಿಲ್ಲ, ಬಟ್ಟೆಗಿದೆ. ತೊಳೆದು ನೆರಳಲ್ಲಿ ಒಣಗಿಸಿದ ಅಂಗಿಯನ್ನು ಮೇಜಿನ ಮೇಲೆ ಹರವಿದರೆ, ಯಾರೋ ತಾಯಿ ಬಂದು ಒಳಮಡಿಕೆ ನೋಡಿ ‘ಇದು ನಮ್ಮವನದೇ’ ಎನ್ನುತ್ತಾಳೆ. ದಿನಕ್ಕೆ ಮೂರು ಬಟ್ಟೆಯಾದರೆ ಹೆಚ್ಚು. ಉಣ್ಣೆಯದಾದರೆ ಒಂದಕ್ಕೇ ಎರಡು ದಿನ. ಹನ್ನೆರಡು ವರ್ಷದಲ್ಲಿ ಎರಡು ಸಾವಿರದ ಹತ್ತಿರ ತೊಳೆದಿದ್ದಾರೆ. ಮನೆಯವರು ಗುರುತು ಹಿಡಿದದ್ದು ಆರುನೂರ ಹನ್ನೆರಡು.

ಇಪ್ಪತ್ತೊಂದು ವರ್ಷದ ಹಿಂದೆ ಗಂಡ ಹೆಂಡತಿ ಇಬ್ಬರದೂ ಒಂದೇ ಅಂಗಡಿ, ಎದುರುಬದುರು ಎರಡು ಮಷೀನು. ಆಗ ಚುನಾವಣೆ ಸೋಲುವ ಭಯಕ್ಕೆ ದೊಡ್ಡವರು ಕೊಲ್ಲಬೇಕಾದವರ ಪಟ್ಟಿ ಬರೆದರು, ಸಣ್ಣವರು ಬಂದೂಕು ಹಿಡಿದರು. ಹನ್ನೊಂದು ದಿನ ಊರು ಊರಾಗಿರಲಿಲ್ಲ. ಐದನೇ ದಿನ ಗಂಡನನ್ನು ಲಾರಿಗೆ ಹತ್ತಿಸಿದರು. ಲಾರಿ ಇಟ್ಟಿಗೆ ಗೂಡಿನ ದಾರಿ ಹಿಡಿದದ್ದನ್ನು ಟೈಲರಕ್ಕ ಕಣ್ಣಾರೆ ನೋಡಿದ್ದಾರೆ. ಅಷ್ಟೇ. ಪಟ್ಟಿ ಬರೆದವರು ಈಗ ವರ್ಷಕ್ಕೊಮ್ಮೆ ಮೈಕು ಹಿಡಿದು ಸೌಹಾರ್ದದ ಭಾಷಣ ಮಾಡುತ್ತಾರೆ. ನಾಚಿಕೆಯೂ ನಾಚಬೇಕು.

ಕೆಲಸಕ್ಕೆ ಸೇರಿದ ಮೊದಲ ತಿಂಗಳು ಟೈಲರಕ್ಕನಿಂದ ಒಂದು ತಪ್ಪಾಯಿತು. ದರ್ಜಿಗಲ್ಲದೆ ಬೇರೆಯವರಿಗೆ ಬರದ ತಪ್ಪು. ಹದಿನೆಂಟರ ಹುಡುಗನೊಬ್ಬನ ಅಂಗಿಯ ಬೆನ್ನಲ್ಲಿ ಒಂದು ತೂತಿತ್ತು.

“ತಾಯಿ ನೋಡೋಕೆ ಬರ್ತಾಳೆ, ಹರಿದದ್ದನ್ನ ಹೇಗೆ ತೋರಿಸೋದು ಅಂತ ಅದೇ ಬಣ್ಣದ ದಾರ ಹುಡುಕಿ ರಫು ಮಾಡಿಬಿಟ್ಟೆ. ಕೈ ಸುಮ್ಮನಿರಲಿಲ್ಲ ನೋಡಿ,” ಎನ್ನುತ್ತಾರೆ.

ಅದು ಗುಂಡಿನ ತೂತು. ಕೊಂದವನು ಇಟ್ಟಿಗೆ ಗೂಡಿನ ಕಾವಲುಗಾರ. ಹುಡುಗ ಚಾಕು ಹಿಡಿದು ಎದುರಿಗೆ ಬಂದ, ಅದಕ್ಕೇ ಹೊಡೆದೆ ಎಂದು ಅವನ ವಾದ. ಬೆನ್ನಿಗೆ ಬಿದ್ದ ಗುಂಡೆಂದು ಹೇಳಲು ಆ ತೂತೊಂದೇ ಸಾಕ್ಷಿ. ದಾರ ಎಳೆದು, ನೂಲು ಕೂಡಿಸಿ ಹೊಲಿದ ಮೇಲೆ ಅದು ಯಾವ ತೂತೆಂದು ಪರೀಕ್ಷೆಯವರೂ ಹೇಳಲಾರದೆ ಹೋದರು. ಕಾವಲುಗಾರ ಬಿಡುಗಡೆಯಾದ.

“ತೀರ್ಪಿನ ದಿನ ಆ ತಾಯಿ ಬಂದಳು. ಬೈತಾಳೆ ಅಂದ್ಕೊಂಡೆ. ಅಂಗಿ ಮೇಲೆ ಬೆರಳಾಡಿಸಿ, ‘ಎಷ್ಟು ಚೆನ್ನಾಗಿ ಮುಚ್ಚಿದ್ದೀಯಮ್ಮ’ ಅಂದಳು. ಹೊಡೆದಿದ್ರೆ ವಾಸಿಯಿತ್ತು.” ಅಂದಿನಿಂದ ಟೈಲರಕ್ಕ ಈ ಕೋಣೆಗೆ ಸೂಜಿ ತಂದಿಲ್ಲ.

ಹೋದ ವರ್ಷ ಅದೇ ಕಾವಲುಗಾರ ಬಾಗಿಲಿಗೆ ಬಂದು ನಿಂತ. “ಅಕ್ಕಾ, ನಿನ್ನ ಹೊಲಿಗೆಯಿಂದ ಹೊರಗಿದ್ದೀನಿ. ಉಂಡದ್ದು ಮೈಗೆ ಹತ್ತುತ್ತಿಲ್ಲ,” ಎಂದವನೇ ಗೂಡಿನ ಹಿಂದಿನ ಹೊಂಡದ ಜಾಗ ಹೇಳಿದ. ಕೋರ್ಟಿನ ಅಪ್ಪಣೆ ಸಿಕ್ಕಿ ಹೋದ ತಿಂಗಳು ಅಗೆದರು. ಏಳು ಮಂದಿ ಸಿಕ್ಕರು.

ಈಗ ದಿನವೂ ಅವನೇ ನೀರು ಹೊತ್ತು ತರುತ್ತಾನೆ. ಹೊಸ್ತಿಲು ದಾಟುವ ಹಾಗಿಲ್ಲ. ಅಂಗಳದ ಡ್ರಮ್ಮಿಗೆ ಸುರಿದು ಹೋಗಬೇಕು.

“ಏನೋ, ಇವತ್ತು ಎರಡೇ ಕೊಡ?”

“ನಲ್ಲೀಲಿ ನೀರು ಸಣ್ಣಗೆ ಬರ್ತಿದೆ ಅಕ್ಕಾ.”

“ನಿನ್ನ ಬಾಯಿಂದ ಮಾತು ಬರೋಕೆ ಇಪ್ಪತ್ತು ವರ್ಷ ಹಿಡೀತು. ನೀರು ಅದಕ್ಕಿಂತ ಬೇಗ ಬರುತ್ತೆ, ಹೋಗು.”

ಅವನು ತಲೆ ತಗ್ಗಿಸಿ ಕೊಡ ಎತ್ತಿಕೊಳ್ಳುತ್ತಾನೆ. ಸೌಹಾರ್ದ ದಿನದಂದು ಇಬ್ಬರೂ ವೇದಿಕೆಯಲ್ಲಿ ಕೈ ಕುಲುಕಬೇಕೆಂದು ಅಧಿಕಾರಿಯೊಬ್ಬರು ಫೋಟೋದವನನ್ನೂ ಕರೆತಂದಿದ್ದರು. “ಕೈ ಒದ್ದೆಯಾಗಿದೆ ಸಾರ್ ಅಂದೆ. ಎಲ್ಲ ಗುಂಡಿ ತೆಗೆದು ಮುಗೀಲಿ, ಆಮೇಲೆ ಒರೆಸ್ಕೋತೀನಿ ಅಂದೆ.” ಹಾಗಾದರೆ ಕ್ಷಮಿಸಿದ್ದೀರಾ ಎಂದು ಕೇಳಿದರೆ, “ಕ್ಷಮೆ ಗಿಮೆ ನನಗೆ ತಿಳಿಯಲ್ಲ. ಅವನು ಹೇಳದಿದ್ರೆ ಆ ಏಳು ಮಂದಿ ಇನ್ನೂ ಮಣ್ಣಲ್ಲೇ ಇರ್ತಿದ್ರು. ಅವನ ಮುಖ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಎರಡೂ ನಿಜ.”

ಆ ಏಳು ಮಂದಿಯ ಬಟ್ಟೆಯ ಏಳು ಚೀಲಗಳಲ್ಲಿ ನಾಲ್ಕನ್ನು ತೊಳೆದಾಗಿದೆ. ಈ ಸ್ವೆಟರು ಐದನೆಯದರದ್ದು. ಬಿಚ್ಚಿದ ಐದರಲ್ಲೂ ಗಂಡನ ಅಂಗಿಯಿಲ್ಲ. ಎರಡು ಚೀಲ ಗೋಡೆಗೆ ಒರಗಿ ಕೂತಿವೆ. ಟೈಲರಕ್ಕ ಒಮ್ಮೆಯೂ ಅತ್ತ ತಿರುಗಿ ನೋಡುವುದಿಲ್ಲ. ಕೈಯಲ್ಲಿದ್ದದ್ದು ಮುಗಿಯದೆ ಮುಂದಿನದನ್ನು ಬಿಚ್ಚುವ ಪದ್ಧತಿಯಿಲ್ಲ.

ಅಂಗಿ ಸಿಕ್ಕರೆ ಗುರುತು ಹೇಗೆ?

“ಮೇಲಿಂದ ಎರಡನೇ ಗುಂಡಿ ಇರಲ್ಲ. ಆ ದಿನ ಬೆಳಗ್ಗೆ ಹಾಕಿಕೊಡು ಅಂದಿದ್ರು. ಮದುವೆ ಬಟ್ಟೆ ಕೆಲಸ ಮೈಮೇಲಿತ್ತು, ಸಂಜೆ ಹಾಕ್ತೀನಿ ಅಂದಿದ್ದೆ.”

ಸೆರಗಿನ ತುದಿಯ ಗಂಟು ಬಿಚ್ಚಿ ತೋರಿಸುತ್ತಾರೆ. ಬಿಳಿಯ ಅಂಗಿಗುಂಡಿಯೊಂದು ಹಳದಿಗಟ್ಟಿದೆ.

“ಕೋರ್ಟಿನವರು ನೋಡಲಿ, ಫೋಟೋ ತೆಗೀಲಿ, ತೂತಿದ್ರೆ ಎಣಿಸಿ ಬರ್ಕೊಳ್ಳಲಿ. ಒಂದನ್ನೂ ಮುಟ್ಟಲ್ಲ. ಎಲ್ಲ ಮುಗಿದ ಮೇಲೆ ಇದೊಂದು ಹಾಕೋಕೆ ಬಿಡಿ ಅಂತ ಅರ್ಜಿ ಕೊಡ್ತೀನಿ.”

ಗಂಟು ಮತ್ತೆ ಬಿಗಿದು, ಬ್ರಷ್ಷು ತೆಗೆದುಕೊಳ್ಳುತ್ತಾರೆ. ಸ್ವೆಟರಿನ ಇನ್ನೊಂದು ತೋಳು ಬಾಕಿಯಿದೆ.